ಸರ್ವರ್ ಡೌನ್ ಐತ್ರೀ! ಪಾಳಿ ಹಚ್ಚುವ ಯಂತ್ರಗಳ ಕತೆ

ಜುಲೈ ಕೊನೆಯ ವಾರ. ಮುಂಗಾರು ಬೆಳೆಗೆ ವಿಮೆ ಕಟ್ಟಲು ಉಳಿದಿರುವುದು ಒಂದೆರಡೇ ದಿನ. ಹುನಗುಂದದಲ್ಲಾಗಲಿ, ಇಳಕಲ್‌ನಲ್ಲಾಗಲಿ, ಬಾದಾಮಿ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಾಗಲಿ, ಯಾವ ಆನ್‌ಲೈನ್ ಸೆಂಟರಿನ ಮುಂದೆ ನಿಂತರೂ ಕಾಣುವ ನೋಟ ಒಂದೇ. ಕೈಯಲ್ಲಿ ಹೊಲದ ಉತಾರ (ಪಹಣಿ), ಆಧಾರ್ ಕಾರ್ಡಿನ ಝರಾಕ್ಸ್, ಬ್ಯಾಂಕಿನ ಪಾಸ್‌ಬುಕ್ಕು ಹಿಡಿದ ರೈತರ ಪಾಳಿ ರಸ್ತೆಗೆ ಬಂದಿರುತ್ತದೆ. ಒಳಗೆ ಕಂಪ್ಯೂಟರಿನ ಮುಂದೆ ಕೂತ ಹುಡುಗ ಒಂದೇ ಬಟನ್ನನ್ನು ಮತ್ತೆ ಮತ್ತೆ ಒತ್ತುತ್ತಿರುತ್ತಾನೆ. ಪರದೆಯ ಮೇಲೆ ಸಣ್ಣದೊಂದು ಚಕ್ರ ತಿರುಗುತ್ತಲೇ ಇರುತ್ತದೆ.

"ಸರ್ವರ್ ಡೌನ್ ಐತ್ರೀ ಕಾಕಾ, ನಾಳೆ ಬರ್ರಿ."

"ನಾಳೆ ಅಂದ್ರ ತಾರೀಕೇ ಮುಗೀತೈತಲ್ಲೋ ತಮ್ಮಾ!"

ಪಡಿತರ, ಪಿಂಚಣಿ, ಜಾತಿ-ಆದಾಯ ಪ್ರಮಾಣಪತ್ರ, ಆಸ್ತಿ ನೋಂದಣಿ, ಯಾವುದಕ್ಕೆ ಹೋದರೂ ಎಂದಾದರೊಂದು ದಿನ ಈ ಮಾತು ಕಿವಿಗೆ ಬಿದ್ದೇ ಬಿದ್ದಿರುತ್ತದೆ. ಕೇಳಿ ಕೇಳಿ ನಾವು ಅದನ್ನು ದೈವದ ಲೆಕ್ಕಕ್ಕೆ ಬರೆದುಬಿಟ್ಟಿದ್ದೇವೆ. ಆದರೆ ಗಡುವಿನ ದಿನ ಸರ್ವರ್ ನಿಂತಿತೆಂದರೆ ಬಹುಪಾಲು ಸಲ ಯಂತ್ರ ಕೆಟ್ಟಿರುವುದಿಲ್ಲ, ಪಾಳಿ ಕೆಟ್ಟಿರುತ್ತದೆ. ಬರುವವರನ್ನು ಯಾವ ಕ್ರಮದಲ್ಲಿ ಒಳಗೆ ಬಿಡಬೇಕು, ಯಾರನ್ನು ಎಷ್ಟು ಹೊತ್ತು ಕಾಯಿಸಬೇಕು, ಯಾವಾಗ 'ಈಗ ಆಗಲ್ಲ' ಎಂದು ನೇರವಾಗಿ ಹೇಳಬೇಕು ಎಂಬುದನ್ನು ಮೊದಲೇ ಯೋಚಿಸದೆ ಬಾಗಿಲು ತೆರೆದಿರುತ್ತಾರೆ. ಈ ಪಾಳಿ ಹಚ್ಚುವ ವಿದ್ಯೆಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಬಾಗಲಕೋಟೆಯ ಪಕ್ಕದ ಬೆಳಗಾವಿ ಜಿಲ್ಲೆಯಲ್ಲಿ.

ಮೊದಲು ಯಂತ್ರದ ಮಾತು ಮುಗಿಸಿಬಿಡೋಣ. ಸರ್ವರ್ ಎಂದರೆ ಚಪ್ಪಟೆಯಾದ ಒಂದು ಕಬ್ಬಿಣದ ಪೆಟ್ಟಿಗೆ. 19 ಇಂಚು ಅಗಲದ ಚೌಕಟ್ಟಿನಲ್ಲಿ ಒಂದರ ಮೇಲೊಂದು ಕೂರುವಂತೆ ಮಾಡಿರುತ್ತಾರೆ. ತೀರ ತೆಳ್ಳನೆಯದರ ಎತ್ತರ ಒಂದೂಮುಕ್ಕಾಲು ಇಂಚು. ಒಳಗಿರುವುದು ಹೆಚ್ಚುಕಡಿಮೆ ನಮ್ಮ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಇರುವುದೇ: ಪ್ರೊಸೆಸರ್, ಮೆಮೊರಿ, ಡಿಸ್ಕು, ಫ್ಯಾನು. ವ್ಯತ್ಯಾಸವೆಂದರೆ, ಯಾವುದಾದರೂ ಭಾಗ ಕೆಟ್ಟೇ ಕೆಡುತ್ತದೆ ಎಂದುಕೊಂಡೇ ಇದನ್ನು ಕಟ್ಟಿರುತ್ತಾರೆ. ಕರೆಂಟ್ ಕೊಡುವ ಪವರ್ ಸಪ್ಲೈ ಎರಡು. ಒಂದು ಸುಟ್ಟರೆ ಇನ್ನೊಂದು ನಡೆಸುತ್ತದೆ. ಡಿಸ್ಕು ಕೆಟ್ಟರೆ ಸರ್ವರನ್ನು ನಿಲ್ಲಿಸದೆಯೇ ಎಳೆದು ಹೊಸದನ್ನು ತೂರಿಸಬಹುದು. ಮಾಹಿತಿಯನ್ನು ಹಲವು ಅಗ್ಗದ ಡಿಸ್ಕುಗಳಿಗೆ ಹಂಚಿ, ಒಂದು ಹೋದರೂ ಉಳಿದವುಗಳ ಲೆಕ್ಕದಿಂದ ಕಳೆದುಹೋದದ್ದನ್ನು ಮತ್ತೆ ಕಟ್ಟಿಕೊಳ್ಳುವ 'ರೇಡ್' ಎಂಬ ಉಪಾಯವನ್ನು ಕ್ಯಾಲಿಫೋರ್ನಿಯಾದ ಬರ್ಕಲಿಯಲ್ಲಿ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ 1988ರಲ್ಲಿ ಪ್ರಕಟಿಸಿದರು. ಮೆಮೊರಿಯಲ್ಲಿ ಒಂದು ಬಿಟ್ ತಪ್ಪಾದರೆ ಯಂತ್ರ ತಾನೇ ಪತ್ತೆ ಹಚ್ಚಿ ತಿದ್ದಿಕೊಳ್ಳುವ ಗಣಿತ ಅದಕ್ಕೂ ಹಳೆಯದು. ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ ವಾರಾಂತ್ಯಕ್ಕೆಂದು ಕಂಪ್ಯೂಟರಿಗೆ ಕೊಟ್ಟುಹೋದ ಲೆಕ್ಕ, ಸಣ್ಣದೊಂದು ದೋಷ ಕಂಡಕೂಡಲೇ ಅರ್ಧಕ್ಕೇ ನಿಂತಿರುತ್ತಿತ್ತಂತೆ. ತಪ್ಪಾಗಿದೆ ಎಂದು ಗೊತ್ತಾಗುವ ಯಂತ್ರಕ್ಕೆ ಎಲ್ಲಿ ತಪ್ಪಾಗಿದೆ ಎಂದು ಯಾಕೆ ಗೊತ್ತಾಗಬಾರದು ಎಂದು ರೇಗಿ, 1950ರಲ್ಲಿ ಅವರು ಆ ಗಣಿತವನ್ನು ಬರೆದರು. ಹೀಗಾಗಿ ಒಳ್ಳೆಯ ಸರ್ವರ್ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಕೆಡಿಸುವುದು ಮುಗಿಬೀಳುವ ಜನ.

ಮುಗಿಬೀಳುವ ಜನರನ್ನು ಸಂಭಾಳಿಸುವ ಪ್ರಶ್ನೆ ಮೊದಲು ಎದ್ದದ್ದು ಟೆಲಿಫೋನಿನ ಕಾಲದಲ್ಲಿ. ಆಗ ಪಾಳಿ ಕಾಯುತ್ತಿದ್ದವರು ಮನುಷ್ಯರೇ. ಎಕ್ಸ್‌ಚೇಂಜಿನ ಆಪರೇಟರ್ ತಂತಿ ಎಳೆದು ಚುಚ್ಚಿ ಇಬ್ಬರನ್ನು ಜೋಡಿಸಬೇಕು. ಅಮೆರಿಕದ ಕಾನ್ಸಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಎಂಬುವನಿದ್ದ. ಸತ್ತವರ ಅಂತ್ಯಕ್ರಿಯೆಯ ವ್ಯವಸ್ಥೆ ಮಾಡಿಕೊಡುವುದು ಅವನ ವ್ಯಾಪಾರ. ಊರಿನ ಆಪರೇಟರ್ ಅವನ ಪ್ರತಿಸ್ಪರ್ಧಿಯ ಹೆಂಡತಿ; ತನಗೆ ಬರಬೇಕಾದ ಫೋನುಗಳನ್ನೆಲ್ಲ ಆಕೆ ಗಂಡನ ಅಂಗಡಿಗೆ ತಿರುಗಿಸುತ್ತಿದ್ದಾಳೆ ಎಂದು ಅವನಿಗೆ ಗುಮಾನಿ. ಕತೆಯಲ್ಲಿ ಉಪ್ಪುಖಾರ ಎಷ್ಟು ಸೇರಿದೆಯೋ, ಆದರೆ 1891ರಲ್ಲಿ ಅವನಿಗೆ ಸಿಕ್ಕ ಪೇಟೆಂಟ್ ನಿಜ. ನಡುವೆ ಮನುಷ್ಯರೇ ಇಲ್ಲದ ಸ್ವಯಂಚಾಲಿತ ಎಕ್ಸ್‌ಚೇಂಜ್ ಅದು. ಭಾರತದ ಊರೂರಲ್ಲೂ ದಶಕಗಟ್ಟಲೆ ಟಕಟಕ ಸದ್ದು ಮಾಡುತ್ತಿದ್ದ 'ಸ್ಟ್ರೌಜರ್ ಎಕ್ಸ್‌ಚೇಂಜ್' ಅದರ ಸಂತಾನ. ವಶೀಲಿಗೆ ಮಣಿಯದ ಯಂತ್ರ ಬೇಕೆಂಬ ಹಟವೇ ಇದರ ಮೂಲದಲ್ಲಿತ್ತೆಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಆ ಹಟ ಮುಂದೆ ನಮ್ಮ ತಹಶೀಲ್ದಾರ್ ಕಚೇರಿಯಲ್ಲೂ ಕಾಣಿಸಿಕೊಳ್ಳುತ್ತದೆ.

ಯಂತ್ರ ಬಂತು. ಆದರೆ ಎಷ್ಟು ಲೈನು ಹಾಕಬೇಕು? ಊರಿನಲ್ಲಿರುವ ಫೋನುಗಳಷ್ಟೇ ಲೈನು ಎಳೆದರೆ ಕಂಪನಿ ದಿವಾಳಿ. ತೀರ ಕಡಿಮೆ ಎಳೆದರೆ ಯಾವಾಗಲೂ ಎಂಗೇಜ್. ಇದಕ್ಕೆ ಲೆಕ್ಕ ಹಾಕಿಕೊಟ್ಟವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್. ಕೋಣೆಯಲ್ಲೇ ಕೂತು ಸೂತ್ರ ಬರೆದವರಲ್ಲ. ಏಣಿ ಹೊರಿಸಿಕೊಂಡು ಬೀದಿಯ ಮ್ಯಾನ್‌ಹೋಲ್‌ಗಳಿಗೆ ಇಳಿದು ಕೇಬಲ್ಲುಗಳನ್ನು ಅಳೆದು ನೋಡುತ್ತಿದ್ದವರು. 1909ರಲ್ಲಿ ಅವರ ಮೊದಲ ಪ್ರಬಂಧ, 1917ರಲ್ಲಿ ಅವರ ಪ್ರಸಿದ್ಧ ಸೂತ್ರಗಳು ಬಂದವು. ಇವತ್ತಿಗೂ ದೂರಸಂಪರ್ಕ ಎಂಜಿನಿಯರುಗಳು ದಟ್ಟಣೆಯನ್ನು ಅಳೆಯುವ ಮಾನಕ್ಕೆ 'ಎರ್ಲಾಂಗ್' ಎಂದೇ ಹೆಸರು.

ಎರ್ಲಾಂಗ್ ತೆರೆದ ದಾರಿಯಲ್ಲಿ ಬೆಳೆದ ಗಣಿತದ ಒಂದು ಲೆಕ್ಕವನ್ನು ಪ್ರತಿ ಸರ್ಕಾರಿ ಕಚೇರಿಯ ಗೋಡೆಗೆ ಬರೆಸಬೇಕು ಎಂದು ನನಗನ್ನಿಸುತ್ತದೆ. ಒಂದು ಕಿಟಕಿ, ಒಬ್ಬರ ಕೆಲಸಕ್ಕೆ ಸರಾಸರಿ 3 ನಿಮಿಷ, ಜನ ಬರುವುದಕ್ಕೆ ಹೊತ್ತುಗೊತ್ತಿಲ್ಲ ಎಂದಿಟ್ಟುಕೊಳ್ಳಿ. ಕಿಟಕಿಯ ಶಕ್ತಿಯ ಅರ್ಧದಷ್ಟೇ ಜನ ಬಂದರೆ ಒಬ್ಬೊಬ್ಬರು ಸರಾಸರಿ 3 ನಿಮಿಷ ಕಾಯಬೇಕು. ಶೇ 80ರಷ್ಟು ಜನ ಬಂದರೆ 12 ನಿಮಿಷ. ಶೇ 90ಕ್ಕೆ ಏರಿದರೆ 27 ನಿಮಿಷ. ಶೇ 95 ಆದರೆ 57 ನಿಮಿಷ! ಕಿಟಕಿಗೆ ಇನ್ನೂ ಶೇ 5ರಷ್ಟು ಶಕ್ತಿ ಉಳಿದಿದೆ, ಕೆಲಸಗಾರ ಸೋಮಾರಿಯಲ್ಲ, ಆದರೂ ಜನ ಸರಾಸರಿ ಒಂದು ತಾಸಿನ ಹತ್ತಿರ ನಿಂತಿರುತ್ತಾರೆ. ದಟ್ಟಣೆ ಪೂರ್ತಿ ಮಟ್ಟದ ಹತ್ತಿರ ಬಂದಾಗ ಕಾಯುವ ಹೊತ್ತು ಮೆಲ್ಲಗೆ ಏರುವುದಿಲ್ಲ, ಎಗರುತ್ತದೆ. ನಿನ್ನೆಯವರೆಗೆ ಚೆನ್ನಾಗಿಯೇ ನಡೆದ ಜಾಲತಾಣ ಕೊನೆಯ ದಿನ ಬೆಳಿಗ್ಗೆ 11ಕ್ಕೆ ಹಟಾತ್ತನೆ ಕೂತುಬಿಡುವುದು ಇದರಿಂದಲೇ. 'ಸರಾಸರಿ ಇಷ್ಟು ಜನ ಬರುತ್ತಾರೆ' ಎಂದು ಟೆಂಡರಿನಲ್ಲಿ ಬರೆದು ಸರ್ವರ್ ಕೊಳ್ಳುವವರು ಸರಾಸರಿಯ ದಿನಕ್ಕೆ ಮಾತ್ರ ಸರ್ವರ್ ಕೊಂಡಿರುತ್ತಾರೆ.

ಕಿತ್ತೂರಿನ ಪೆಟ್ಟಿಗೆ

1980ರ ದಶಕದ ಮೊದಲಲ್ಲಿ ಜನಸಂಖ್ಯೆ 70 ಕೋಟಿ ಮೀರಿದ ಈ ದೇಶದಲ್ಲಿ ಇದ್ದದ್ದು ಸುಮಾರು 25 ಲಕ್ಷ ಫೋನು. ಬಾಗಲಕೋಟೆಯ ಹತ್ತಿ ಅಡತಿ ಅಂಗಡಿಯಿಂದ ಮುಂಬೈಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕೂರಬೇಕು. ಆ ವ್ಯವಸ್ಥೆಯಲ್ಲೂ ಪಾಳಿಯ ಶಾಸ್ತ್ರವಿತ್ತು. 'ಆರ್ಡಿನರಿ', 'ಅರ್ಜೆಂಟ್', 'ಲೈಟ್ನಿಂಗ್' ಎಂದು ಮೂರು ದರ. ಹೆಚ್ಚು ದುಡ್ಡು ಕೊಟ್ಟವನು ಮುಂದೆ. ಇವತ್ತು ನೆಟ್‌ವರ್ಕ್ ಎಂಜಿನಿಯರುಗಳು ಮಾಹಿತಿಯ ತುಂಡುಗಳಾದ ಪ್ಯಾಕೆಟ್ಟುಗಳಿಗೆ ಆದ್ಯತೆಯ ಗುರುತು ಹಾಕುವುದೂ ಇದೇ ಲೆಕ್ಕ. ದುಡ್ಡಿದ್ದವನ ಜಾಲತಾಣ ಮಾತ್ರ ಅಗ್ಗವಾಗಿ ಸಿಗುವಂತೆ ಮಾಡಬಹುದೇ ಎಂಬ ಜಗಳ ಈ ದೇಶದಲ್ಲಿ ಜೋರಾಗಿ ನಡೆದು, ಕೊನೆಗೆ 2016ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 'ಕೂಡದು' ಎಂದಿತು.

ಆಗಿನ ಸಮಸ್ಯೆ ಫೋನು ಕಡಿಮೆ ಇದ್ದದ್ದು ಮಾತ್ರವಲ್ಲ. ಹೊರದೇಶದಿಂದ ತಂದ ಎಕ್ಸ್‌ಚೇಂಜುಗಳು ಅಲ್ಲಿನ ನಡವಳಿಕೆಗೆ ತಕ್ಕಂತೆ ಮಾಡಿದವು. ಅಲ್ಲಿ ಮನೆಗೊಂದು ಫೋನು, ಒಂದೊಂದರ ಮೇಲೂ ಬೀಳುವ ಕರೆ ಕಡಿಮೆ. ಇಲ್ಲಿ ಓಣಿಗೊಂದು ಫೋನು, ಅದರ ಮೇಲೆ ಇಡೀ ಓಣಿಯ ಕರೆ. ಎರ್ಲಾಂಗ್ ಲೆಕ್ಕದಲ್ಲಿ ಹೇಳುವುದಾದರೆ ನಮ್ಮ ಒಂದೊಂದು ಲೈನಿನ ಹೊರೆ ಅವರದಕ್ಕಿಂತ ಎಷ್ಟೋ ಹೆಚ್ಚು. ಜೊತೆಗೆ ಆ ಯಂತ್ರಗಳಿಗೆ ಎ.ಸಿ. ಕೋಣೆ ಬೇಕು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ, ಕರೆಂಟು ಬಂದು ಹೋಗುವ, ಗಾಳಿ ಬಿಟ್ಟರೆ ಎರೆಮಣ್ಣಿನ ಧೂಳು ತುಂಬುವ ಊರಿನಲ್ಲಿ ಎ.ಸಿ. ಕೋಣೆ ಎಲ್ಲಿಂದ ತರುವುದು?

1984ರ ಆಗಸ್ಟ್‌ನಲ್ಲಿ ಇಲ್ಲಿಗೆ ಒಗ್ಗುವ ಎಕ್ಸ್‌ಚೇಂಜನ್ನು ಇಲ್ಲೇ ರೂಪಿಸಲೆಂದು ಕೇಂದ್ರ ಸರ್ಕಾರ ಸಿ-ಡಾಟ್ ಸಂಸ್ಥೆಯನ್ನು ಕಟ್ಟಿತು. ಮುಂದೆ ನಿಂತವರು ದೂರಸಂಪರ್ಕ ಎಂಜಿನಿಯರ್ ಸ್ಯಾಮ್ ಪಿತ್ರೋಡಾ. ಜೊತೆಗಿದ್ದ ಪ್ರಮುಖರಲ್ಲಿ ಜಿ.ಬಿ. ಮೀಮಾಂಸಿ, ಎಂ.ವಿ. ಪಿಟ್ಕೆ. 36 ತಿಂಗಳು, 36 ಕೋಟಿ ರೂಪಾಯಿ ಎಂಬುದು ಒಪ್ಪಂದ. ಹೆಚ್ಚಿನವರು ಚಿಕ್ಕ ವಯಸ್ಸಿನ ಎಂಜಿನಿಯರುಗಳು. ಅವರು ಮಾಡಿದ ಮುಖ್ಯ ಯಂತ್ರ 128 ಲೈನಿನ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್, ಎಲ್ಲರೂ ಕರೆಯುವಂತೆ 'ರ‍್ಯಾಕ್ಸ್'. ಅದರ ಮೊದಲ ಯಂತ್ರ 1986ರ ಜುಲೈನಲ್ಲಿ ಕೆಲಸ ಶುರುಮಾಡಿದ್ದು ದಿಲ್ಲಿಯಲ್ಲಲ್ಲ, ಬೆಂಗಳೂರಿನಲ್ಲೂ ಅಲ್ಲ. ಬೆಳಗಾವಿ ಜಿಲ್ಲೆಯ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ.

ಕಪಾಟಿನಷ್ಟು ದೊಡ್ಡ ಆ ಪೆಟ್ಟಿಗೆಯೊಳಗೆ ಸ್ಟ್ರೌಜರ್‌ನ ಟಕಟಕವಿಲ್ಲ. ಮಾತನ್ನು ಅಂಕಿಗಳಾಗಿ ಮಾಡಿ, ಕಾಲವನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ, ಒಂದೇ ದಾರಿಯಲ್ಲಿ ಹಲವರ ಮಾತನ್ನು ಪಾಳಿಯ ಮೇಲೆ ಸಾಗಿಸುವ ಡಿಜಿಟಲ್ ಯಂತ್ರ ಅದು. ಕರೆಂಟು ಎಷ್ಟು ಕಡಿಮೆ ತಿನ್ನುವಂತೆ ಮಾಡಿದ್ದರೆಂದರೆ ಹುಟ್ಟುವ ಶಾಖವೂ ಕಡಿಮೆ, ಎ.ಸಿ. ಬೇಡವೇ ಬೇಡ. ಭಾಗ ಕೆಟ್ಟರೆ ಕಾರ್ಡು ಎಳೆದು ಬೇರೆ ಕಾರ್ಡು ಹಾಕಿದರಾಯಿತು. ತಂತ್ರಜ್ಞಾನವನ್ನು ಗುಟ್ಟಾಗಿಟ್ಟುಕೊಳ್ಳದೆ ಹಲವು ತಯಾರಕರಿಗೆ ಕೊಟ್ಟರು. ಆಮೇಲಿನ ಹತ್ತು ವರ್ಷಗಳಲ್ಲಿ ಹಳ್ಳಿಹಳ್ಳಿಯಲ್ಲಿ ಕಂಡ ಹಳದಿ ಬಣ್ಣದ ಎಸ್‌ಟಿಡಿ ಬೂತುಗಳ ಹಿಂದೆ ಇಂಥ ಪೆಟ್ಟಿಗೆಗಳಿದ್ದವು.

ಕಟ್ಟಡವನ್ನು ಯಂತ್ರಕ್ಕೆ ಒಗ್ಗಿಸುವ ಬದಲು ಯಂತ್ರವನ್ನೇ ಊರಿಗೆ ಒಗ್ಗಿಸುವ ಈ ವಿಚಾರ ಬಹುಕಾಲದ ನಂತರ ಜಗತ್ತಿನ ದೊಡ್ಡ ಕಂಪನಿಗಳಿಗೂ ಹೊಳೆಯಿತು. ತನ್ನ ಒಂದೊಂದು ಸರ್ವರಿಗೂ ಸಣ್ಣದೊಂದು ಬ್ಯಾಟರಿ ಕೂರಿಸಿ ದೊಡ್ಡ ಯುಪಿಎಸ್ ಕೋಣೆಯ ಗೊಡವೆಯನ್ನೇ ಬಿಟ್ಟಿದ್ದೇನೆ ಎಂದು 2009ರಲ್ಲಿ ಗೂಗಲ್ ತೋರಿಸಿತು. ಫೇಸ್‌ಬುಕ್ 2011ರಲ್ಲಿ ಅಮೆರಿಕದ ಪ್ರೈನ್‌ವಿಲ್ ಎಂಬ ಒಣ ಹವೆಯ ಊರಿನಲ್ಲಿ ಡೇಟಾ ಸೆಂಟರ್ ಕಟ್ಟಿ, ಹೊರಗಿನ ಗಾಳಿಗೆ ನೀರಿನ ತುಂತುರು ಬೆರೆಸಿ ಸರ್ವರ್ ತಣ್ಣಗಿಟ್ಟಿತು. ಪೆಟ್ಟಿಗೆಯ ನಕ್ಷೆಯನ್ನೂ ಎಲ್ಲರಿಗೂ ಬಿಚ್ಚಿಟ್ಟಿತು. ಅದನ್ನು ಜಗತ್ತು ಕ್ರಾಂತಿ ಎಂದು ಕೊಂಡಾಡಿತು. ಕಿತ್ತೂರಿನ ಪೆಟ್ಟಿಗೆ 25 ವರ್ಷ ಮೊದಲೇ ಹವೆಗೆ ಒಗ್ಗಿಕೊಂಡಿತ್ತು, ನಕ್ಷೆಯನ್ನೂ ಹಂಚಿಕೊಂಡಿತ್ತು. ಅದನ್ನು ನೆನೆಯುವವರು ನಮ್ಮಲ್ಲೇ ಕಡಿಮೆ.

ಅದೇ ವರ್ಷ ಅಕ್ಟೋಬರಿನಲ್ಲಿ

ಕಿತ್ತೂರಿನಲ್ಲಿ ಫೋನು ರಿಂಗಾದ ಮೂರು ತಿಂಗಳಿಗೆ, 1986ರ ಅಕ್ಟೋಬರಿನಲ್ಲಿ, ಅಮೆರಿಕದಲ್ಲಿ ಇಂಟರ್ನೆಟ್ಟು ಮೊದಲ ಸಲ ದಟ್ಟಣೆಯಿಂದ ಕುಸಿಯಿತು. ಲಾರೆನ್ಸ್ ಬರ್ಕಲಿ ಪ್ರಯೋಗಾಲಯಕ್ಕೂ ಬರ್ಕಲಿ ವಿಶ್ವವಿದ್ಯಾಲಯಕ್ಕೂ ನಡುವೆ ಇದ್ದ ದೂರ 400 ಗಜ. ಆ ಅಂತರದಲ್ಲಿ ಸೆಕೆಂಡಿಗೆ 32 ಸಾವಿರ ಬಿಟ್ ಹೋಗುತ್ತಿದ್ದ ವೇಗ 40 ಬಿಟ್‌ಗೆ ಇಳಿಯಿತು. ನಡೆದುಕೊಂಡು ಹೋಗಿ ಕೊಟ್ಟುಬಂದಿದ್ದರೆ ಬೇಗ ಆಗುತ್ತಿತ್ತು!

ವ್ಯಾನ್ ಜೇಕಬ್ಸನ್ ಎಂಬ ಸಂಶೋಧಕ, ಮೈಕೆಲ್ ಕರೆಲ್ಸ್ ಜೊತೆಗೂಡಿ, ಕಾರಣ ಹುಡುಕಿದರು. ಇಂಟರ್ನೆಟ್ಟಿನಲ್ಲಿ ಮಾಹಿತಿ ತುಂಡುತುಂಡಾಗಿ, ಪ್ಯಾಕೆಟ್ಟುಗಳಾಗಿ ಹೋಗುತ್ತದೆ. ಮುಟ್ಟಿತು ಎಂಬ ಉತ್ತರ ಬರದಿದ್ದರೆ ಕಳಿಸಿದ ಕಂಪ್ಯೂಟರು ಅದೇ ಪ್ಯಾಕೆಟ್ಟನ್ನು ಮತ್ತೆ ಕಳಿಸುತ್ತದೆ. ದಾರಿ ತುಂಬಿದ್ದಕ್ಕೆ ಉತ್ತರ ತಡವಾದರೆ? ಆಗಲೂ ಮತ್ತೆ ಕಳಿಸುತ್ತದೆ. ಎಲ್ಲರೂ ಹೀಗೆ ಮಾಡಿದರೆ ದಾರಿಯ ತುಂಬ ಹಳೆಯ ಪ್ಯಾಕೆಟ್ಟುಗಳ ನಕಲುಗಳೇ. ಹೊಸದು ಒಂದೂ ದಾಟುವುದಿಲ್ಲ. ಆನ್‌ಲೈನ್ ಸೆಂಟರಿನ ಹುಡುಗ ರಿಫ್ರೆಶ್ ಬಟನ್ ಒತ್ತಿ ಒತ್ತಿ ಮಾಡುವುದೂ ಇದನ್ನೇ. ಪರದೆಯಲ್ಲಿ ಚಕ್ರ ತಿರುಗುವಾಗ ಅವನ ಹಳೆಯ ಕೋರಿಕೆ ಸರ್ವರಿನಲ್ಲಿ ಸತ್ತಿರುವುದಿಲ್ಲ, ಪಾಳಿಯಲ್ಲಿರುತ್ತದೆ. ಅವನು ಮತ್ತೆ ಒತ್ತಿದಾಗ ಅದೇ ಅರ್ಜಿ ಪಾಳಿಯ ಕೊನೆಗೆ ಇನ್ನೊಮ್ಮೆ ಸೇರುತ್ತದೆ. ಜಿಲ್ಲೆಯ ಎಲ್ಲ ಸೆಂಟರುಗಳಲ್ಲೂ ಹತ್ತು ಹತ್ತು ಸಲ ಒತ್ತಿದರೆ ಹೊರೆ ಹತ್ತು ಪಟ್ಟು, ಆಗುವ ಕೆಲಸ ಮೊದಲಿಗಿಂತ ಕಡಿಮೆ.

ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರದಲ್ಲಿ ಹೊಸ ಯಂತ್ರ ಒಂದೂ ಇರಲಿಲ್ಲ. ಕಳಿಸುವವನು ಮೊದಲು ಒಂದೆರಡು ಪ್ಯಾಕೆಟ್ ಕಳಿಸಿ ನೋಡಬೇಕು; ಉತ್ತರ ಬಂದಂತೆ ಹೆಚ್ಚಿಸುತ್ತ ಹೋಗಬೇಕು; ಒಂದು ಕಳೆದುಹೋದ ಸೂಚನೆ ಬಂದರೆ ದಾರಿ ತುಂಬಿದೆ ಎಂದು ತಿಳಿದು ಕೂಡಲೇ ಕಡಿಮೆ ಮಾಡಬೇಕು. ಏರಿಸುವುದು ಮೆಲ್ಲಗೆ, ಇಳಿಸುವುದು ಜೋರಾಗಿ. ನಡುವೆ ಪೊಲೀಸರಿಲ್ಲ, ಟಿಕೆಟ್ಟಿಲ್ಲ. ಕೋಟಿಗಟ್ಟಲೆ ಯಂತ್ರಗಳು ತಮಗೆ ತಾವೇ ಸಂಯಮ ಹೇರಿಕೊಂಡಿದ್ದರಿಂದ ಇಂಟರ್ನೆಟ್ಟು ಇವತ್ತಿಗೂ ನಿಂತಿದೆ. ನಮ್ಮ ಯಾವ ಬಸ್ಸಿನ ಬಾಗಿಲಲ್ಲೂ ಇಷ್ಟು ಸೌಜನ್ಯ ಕಂಡಿಲ್ಲ.

ಇನ್ನೊಂದು ಉಪಾಯವೂ ಅದೇ 1986ರದು. ಜೊನಾಥನ್ ಟರ್ನರ್ ಎಂಬ ಎಂಜಿನಿಯರ್ ಹೇಳಿದ ಇದಕ್ಕೆ 'ಸೋರುವ ಬಕೆಟ್' ಎಂಬ ಹೆಸರು ಬಂತು. ನಮ್ಮ ಕಡೆಯವರಿಗೆ ಬಕೆಟ್ಟಿಗಿಂತ ಆಲಮಟ್ಟಿ ಅಣೆಕಟ್ಟು ಹತ್ತಿರ. ಆಗಸ್ಟಿನಲ್ಲಿ ಮಹಾರಾಷ್ಟ್ರದ ಘಟ್ಟದಿಂದ ಕೃಷ್ಣೆಯ ನೀರು ಹೇಗೆ ನುಗ್ಗಿ ಬಂದರೂ 26 ಗೇಟುಗಳಿಂದ ಕೆಳಗೆ ಬಿಡುವುದು ಅಳತೆಯ ನೀರು. ಉಳಿದದ್ದು ಜಲಾಶಯದಲ್ಲಿ ನಿಲ್ಲುತ್ತದೆ. ಪ್ಯಾಕೆಟ್ಟುಗಳಿಗೆ ದಾರಿ ತೋರುವ ರೌಟರುಗಳಲ್ಲೂ ಹೀಗೆ ಅವು ನಿಲ್ಲುವ ಜಾಗವಿದೆ, ಅದೇ ಬಫರ್. ಹಾಗಾದರೆ ಬಫರ್ ದೊಡ್ಡದಾದಷ್ಟೂ ಒಳ್ಳೆಯದಲ್ಲವೇ? ಮೆಮೊರಿ ಅಗ್ಗವಾದಾಗ ತಯಾರಕರೂ ಹಾಗೇ ತಿಳಿದು ಭಾರಿ ಬಫರುಗಳನ್ನು ತುಂಬಿದರು. ಪ್ಯಾಕೆಟ್ಟುಗಳು ಕಳೆದುಹೋಗುವ ಬದಲು ಅಲ್ಲೇ ಸೆಕೆಂಡುಗಟ್ಟಲೆ ಕೊಳೆಯತೊಡಗಿದವು, ದಾರಿ ತುಂಬಿದೆ ಎಂಬ ಸುದ್ದಿ ಕಳಿಸುವವನಿಗೆ ಮುಟ್ಟಲೇ ಇಲ್ಲ, ಜೇಕಬ್ಸನ್ನರ ಸಂಯಮವೂ ಕೆಲಸಕ್ಕೆ ಬರಲಿಲ್ಲ. 2010ರ ಸುಮಾರಿಗೆ ಜಿಮ್ ಗೆಟ್ಟಿಸ್ ಎಂಬ ಎಂಜಿನಿಯರ್ ಈ ರೋಗವನ್ನು ಗುರುತಿಸಿ ಎಚ್ಚರಿಸಬೇಕಾಯಿತು. ಸಂಗ್ರಹ ಹಿಗ್ಗಿದರೆ ಯಾರಾದರೂ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಹಿನ್ನೀರಿಗೆ ಊರು ಬಿಟ್ಟು ನವನಗರಕ್ಕೆ ಬಂದ ಬಾಗಲಕೋಟೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಉತಾರದ ಪಾಳಿ

ಈಗ ತಹಶೀಲ್ದಾರ್ ಕಚೇರಿಗೆ ಬರೋಣ. 2000ದ ಆಸುಪಾಸಿನವರೆಗೆ ಉತಾರ ಬೇಕೆಂದರೆ ತಲಾಠಿಯನ್ನು ಹುಡುಕಿಕೊಂಡು ಹೋಗಬೇಕಿತ್ತು. ರಾಜ್ಯದಲ್ಲಿ ಅಂಥ ಗ್ರಾಮ ಲೆಕ್ಕಿಗರು ಸುಮಾರು 9 ಸಾವಿರ. ದಫ್ತರು ಅವರ ಬಳಿ, ಯಾರ ಕೆಲಸ ಮೊದಲು ಎಂಬ ತೀರ್ಮಾನವೂ ಅವರದೇ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಬಂದ 'ಭೂಮಿ' ಯೋಜನೆ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕೇಂದ್ರದ ಕಿಟಕಿಯಲ್ಲಿ 15 ರೂಪಾಯಿಗೆ ಉತಾರ ಸಿಗುವಂತೆ ಮಾಡಿತು. ಇದನ್ನು ಎಲ್ಲರೂ ಹೇಳುತ್ತಾರೆ. ಹೆಚ್ಚು ಜನ ಹೇಳದ ಸಂಗತಿ ಅದರ ತಂತ್ರಾಂಶದ ಒಳಗಿತ್ತು.

ವಾರಸಾ, ಖರೀದಿ, ಪಾಲುಪಟ್ಟಿ, ಯಾವ ಕಾರಣಕ್ಕೆ ಖಾತೆ ಬದಲಾಗಬೇಕಿದ್ದರೂ ಅರ್ಜಿ ಕಂಪ್ಯೂಟರಿಗೆ ಬಿದ್ದ ಕ್ಷಣ ಅದಕ್ಕೊಂದು ಸರದಿ ಸಂಖ್ಯೆ. ಮೊದಲು ಬಂದದ್ದನ್ನು ಮುಗಿಸದೆ ಆಮೇಲಿನದನ್ನು ತೆಗೆಯಲು ತಂತ್ರಾಂಶ ಬಿಡುತ್ತಿರಲಿಲ್ಲ. ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಯಾರು ಏನು ಮಾಡಿದರೆಂಬುದು ದಾಖಲಾಗುತ್ತದೆ. ಎಲ್ಲ ನೆಟ್‌ವರ್ಕ್ ಯಂತ್ರಗಳ ಒಳಗೂ ಇರುವ ತೀರ ಹಳೆಯ, ತೀರ ಸರಳ ನಿಯಮ ಇದು: ಮೊದಲು ಬಂದವನಿಗೆ ಮೊದಲು. ಕಾನ್ಸಸ್ ಸಿಟಿಯ ಸ್ಟ್ರೌಜರ್ ಆಪರೇಟರಿನ ಕೈಯಿಂದ ಕಿತ್ತುಕೊಂಡ ಅಧಿಕಾರವನ್ನೇ ಭೂಮಿ ಕಚೇರಿಯ ಮೇಜಿನಿಂದ ಕಿತ್ತುಕೊಂಡಿತು. ಕರ್ನಾಟಕದಲ್ಲಿ ಕಂಪ್ಯೂಟರಿನಿಂದ ಆದ ದೊಡ್ಡ ಉಪಕಾರ ಯಾವುದೆಂದು ಕೇಳಿದರೆ ನಾನು ವೇಗವನ್ನು ಹೇಳುವುದಿಲ್ಲ, ಈ ಸರದಿ ಸಂಖ್ಯೆಯನ್ನು ಹೇಳುತ್ತೇನೆ.

ಆಗಿನ ಭೂಮಿಯಲ್ಲಿ ತಾಲ್ಲೂಕಿಗೊಂದು ಸರ್ವರ್ ಇತ್ತು. ಬಾದಾಮಿಯದು ಕೆಟ್ಟರೆ ಬಾದಾಮಿಯ ಕೆಲಸ ಮಾತ್ರ ನಿಲ್ಲುತ್ತಿತ್ತು. ಆಮೇಲೆ ದಾಖಲೆಗಳೆಲ್ಲ ಬೆಂಗಳೂರಿನ ಕೇಂದ್ರಕ್ಕೆ ಸೇರಿದವು. ಅದಕ್ಕೆ ಒಳ್ಳೆಯ ಕಾರಣಗಳೇ ಇದ್ದವು. ತಾಲ್ಲೂಕು ಕಚೇರಿಯ ಮೂಲೆಯಲ್ಲಿ ಧೂಳು ಹಿಡಿದು ಕೂತ ಸರ್ವರಿಗೆ ಭದ್ರತೆ ಕಡಿಮೆ, ನೋಡಿಕೊಳ್ಳುವವರೂ ಇಲ್ಲ. ಈಗ ಮನೆಯಲ್ಲೇ ಕೂತು ಪಹಣಿ ನೋಡಬಹುದು, ನಿಜ. ಆದರೆ ಬೆಂಗಳೂರಿನ ಆ ಕೇಂದ್ರದ ಉಸಿರು ಕಟ್ಟಿದರೆ ಬೀದರಿನಿಂದ ಚಾಮರಾಜನಗರದವರೆಗೆ ಒಟ್ಟಿಗೇ ಉಸಿರು ಕಟ್ಟುತ್ತದೆ. ನಡುವೆ ರಸ್ತೆ ಅಗೆಯುವ ಜೆಸಿಬಿಯ ಹಲ್ಲಿಗೆ ಒಂದು ಕೇಬಲ್ ಸಿಕ್ಕರೆ ಸರ್ವರ್ ನೆಟ್ಟಗಿದ್ದರೂ ಹಳ್ಳಿಗೆ 'ಡೌನ್'.

ಹಂಚಿಕೊಂಡರೆ ಹಗುರ

ಜನ ಒಮ್ಮೆಲೇ ನುಗ್ಗದಂತೆ ಮಾಡುವ ಉಪಾಯ ಸರ್ಕಾರಗಳಿಗೆ ಗೊತ್ತಿಲ್ಲವೆಂದಲ್ಲ. ರೈಲ್ವೆ ತತ್ಕಾಲ್ ಟಿಕೆಟ್ಟಿಗೆ ಬೆಳಿಗ್ಗೆ 10ಕ್ಕೆ ಇಡೀ ದೇಶ ಒಟ್ಟಿಗೆ ನುಗ್ಗುತ್ತಿತ್ತು. 2015ರ ಜೂನ್‌ನಲ್ಲಿ ಎ.ಸಿ. ಬೋಗಿಗೆ 10 ಗಂಟೆ, ಉಳಿದದ್ದಕ್ಕೆ 11 ಗಂಟೆ ಎಂದು ಒಡೆದರು. ಒಂದು ಪೈಸೆಯ ಯಂತ್ರ ಕೊಳ್ಳದೆ ನೂಕುನುಗ್ಗಲನ್ನು ಎರಡು ತುಂಡು ಮಾಡಿದ್ದು ಜಾಣತನ. ನಮ್ಮ ರಾಜ್ಯದಲ್ಲೂ 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಮನೆಯೊಡತಿಗೆ ಯಾವ ದಿನ, ಯಾವ ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕೆಂಬ ಎಸ್ಸೆಮ್ಮೆಸ್ ಕಳಿಸುವ ಕ್ರಮ ಮಾಡಿದ್ದರು. ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರಗಳ ಮೇಲೆ ಬೀಳುವ ಹೊರೆಯನ್ನು ಮೊದಲೇ ಹಂಚುವ ಲೆಕ್ಕ ಅದು. ಪೂರ್ತಿ ಪಾಲನೆಯಾಗಲಿಲ್ಲ, ಎಸ್ಸೆಮ್ಮೆಸ್ ಬರದವರೂ ಬಂದರು. ಆದರೂ ದಾರಿ ಸರಿಯಾಗಿತ್ತು. ಆಮೇಲೆ ಬೇರೆ ಯೋಜನೆಗಳಲ್ಲಿ ಅದನ್ನು ಯಾಕೆ ಬಿಟ್ಟರೋ.

ಯಂತ್ರಗಳ ಲೋಕದಲ್ಲಿ ಹೊರೆ ಹಂಚುವುದೇ ಒಂದು ದೊಡ್ಡ ವಿದ್ಯೆ. ನೂರು ಸರ್ವರಿದ್ದರೆ ಬಂದ ಕೋರಿಕೆಯನ್ನು ಯಾವುದಕ್ಕೆ ಕೊಡಬೇಕು? ಕಣ್ಣುಮುಚ್ಚಿ ಯಾವುದಕ್ಕೋ ಕೊಟ್ಟರೆ ಕೆಲವಕ್ಕೆ ಜಾಸ್ತಿ ಬಿದ್ದು, ಕೆಲವು ಖಾಲಿ ಕೂರುತ್ತವೆ. ಎಲ್ಲ ನೂರನ್ನೂ ವಿಚಾರಿಸಿ ಕೊಡಲು ಹೊತ್ತಿಲ್ಲ. 1990ರ ದಶಕದಲ್ಲಿ ಗಣಿತಜ್ಞರು ಸೋಜಿಗದ ಸಂಗತಿಯೊಂದನ್ನು ಸಾಬೀತು ಮಾಡಿದರು. ಯಾವುದಾದರೂ ಎರಡನ್ನು ಆರಿಸಿ, ಅವೆರಡರಲ್ಲಿ ಪಾಳಿ ಗಿಡ್ಡದಿರುವುದಕ್ಕೆ ಕೊಟ್ಟರೆ ಸಾಕು. ಹೊರೆ ಹೆಚ್ಚುಕಡಿಮೆ ಸಮನಾಗುತ್ತದೆ. ಒಂದರ ಬದಲು ಎರಡನ್ನು ನೋಡುವುದರಿಂದ ಸಿಗುವಷ್ಟು ಲಾಭ ಎರಡರ ಬದಲು ಮೂರನ್ನು ನೋಡುವುದರಿಂದ ಸಿಗುವುದಿಲ್ಲ. ಇವತ್ತಿನ ಎಷ್ಟೋ ಲೋಡ್ ಬ್ಯಾಲೆನ್ಸರುಗಳ ಒಳಗೆ ಇದೇ ನಡೆಯುತ್ತಿದೆ.

ಎಲ್ಲ ನೂಕುನುಗ್ಗಲೂ ಜನರಿಂದಲೇ ಆಗುವುದಿಲ್ಲ. ಆಸ್ತಿ ನೋಂದಣಿಯ ಕಾವೇರಿ 2.0 ಜಾಲತಾಣ 2025ರ ಜನವರಿಯಲ್ಲಿ ಕುಂಟತೊಡಗಿ, ಫೆಬ್ರುವರಿ ಮೊದಲಲ್ಲಿ ರಾಜ್ಯದ ನೋಂದಣಿ ಕೆಲಸವೇ ನಿಂತಂತಾಯಿತು. ಬೇಕೆಂದೇ ಮಾಡಿದ ದಾಳಿ ಎಂದು ಸರ್ಕಾರ ಪೊಲೀಸರಿಗೆ ದೂರು ಕೊಟ್ಟಿತು. ಆಗ ಹೊರಬಂದ ವಿವರದಂತೆ ಎರಡು ತಾಸಿನಲ್ಲಿ 6.2 ಲಕ್ಷ ಸುಳ್ಳು ಕೋರಿಕೆಗಳು ಬಿದ್ದಿದ್ದವು. ಅವನ್ನು ಕಳಿಸಿದ್ದು 62 ಇಮೇಲ್ ಖಾತೆಗಳಿಂದ, ಬರೇ 14 ಐಪಿ (ಇಂಟರ್ನೆಟ್) ವಿಳಾಸಗಳಿಂದ. ಗುರಿ ಋಣಭಾರ ಪ್ರಮಾಣಪತ್ರ ಹುಡುಕುವ ಪುಟ. ಹಳೆಯ ದಾಖಲೆಗಳನ್ನೆಲ್ಲ ಜಾಲಾಡಬೇಕಾದ ಆ ಪುಟ ಸರ್ವರಿಗೆ ತೀರ ಭಾರ. ನನಗೆ ಇದರಲ್ಲಿ ಕಳವಳವಾಗುವುದು 6.2 ಲಕ್ಷವನ್ನು ನೋಡಿ ಅಲ್ಲ, 14ನ್ನು ನೋಡಿ. ಒಂದು ವಿಳಾಸದಿಂದ ನಿಮಿಷಕ್ಕೆ ಇಷ್ಟೇ ಕೋರಿಕೆ ಎಂದು ಮಿತಿ ಹಾಕುವುದು ಟರ್ನರನ ಬಕೆಟ್ಟಿನ ಕಾಲದಿಂದ ಗೊತ್ತಿರುವ ಮಾತು. ದೊಡ್ಡ ಜಾಲತಾಣಗಳು ನಿಜವಾದ ಜನರ ನೂಕುನುಗ್ಗಲಿಗೆ ಕಾಯುವ ಕೋಣೆಯನ್ನೇ ಇಡುತ್ತವೆ. ಮುಂದೆ ಎಷ್ಟು ಜನರಿದ್ದಾರೆ, ಎಷ್ಟು ನಿಮಿಷ ಬೇಕು ಎಂದು ತೋರಿಸುತ್ತವೆ. ತಿರುಗುವ ಚಕ್ರ ಏನನ್ನೂ ಹೇಳುವುದಿಲ್ಲ, ಅದಕ್ಕೇ ನಾವು ಮತ್ತೆ ಮತ್ತೆ ಒತ್ತುವುದು.

ಹಾಗಾದರೆ ಮಾಡಬೇಕಾದದ್ದು ಏನು? ಹೊಸ ಸರ್ವರ್ ಕೊಳ್ಳಿ ಎಂದು ಹೇಳಲು ತಜ್ಞರು ಬೇಕಿಲ್ಲ. ಕೊಂಡ ಸರ್ವರೂ ಕೊನೆಯ ದಿನಕ್ಕೆ ಸಾಲುವುದಿಲ್ಲ. ಉಳಿದ ದಿನಗಳಲ್ಲಿ ಖಾಲಿ ಬಿದ್ದಿರುತ್ತದೆ. ಅದಕ್ಕಿಂತ ಗಡುವುಗಳನ್ನು ತಾಲ್ಲೂಕುವಾರು ಒಡೆಯಿರಿ. ಮುಧೋಳ-ಜಮಖಂಡಿಗೆ ಒಂದು ದಿನ, ಬಾದಾಮಿ-ಗುಳೇದಗುಡ್ಡಕ್ಕೆ ಇನ್ನೊಂದು ದಿನ, ಹುನಗುಂದ-ಇಳಕಲ್‌ಗೆ ಮತ್ತೊಂದು ದಿನ ಎಂದರೆ ಯಾರಿಗೂ ನಷ್ಟವಿಲ್ಲ. ಭೂಮಿಯಲ್ಲಿ ಅರ್ಜಿಗೆ ಕೊಟ್ಟಂತೆ ಎಲ್ಲ ಸೇವೆಗಳಲ್ಲೂ ಬಂದ ಮನುಷ್ಯನಿಗೆ ಬಂದ ಹೊತ್ತು ಬರೆದ ಸರದಿ ಚೀಟಿ ಕೊಡಿ. ಜಾಲತಾಣ ನಿಂತಿದ್ದರೂ ಆ ಚೀಟಿ ಸಿಗುವಂತಿರಲಿ, ಗಡುವಿನ ಒಳಗೆ ಚೀಟಿ ಪಡೆದವನ ಅರ್ಜಿ ಗಡುವಿನ ಒಳಗೇ ಬಂತೆಂದು ಲೆಕ್ಕವಾಗಲಿ. ಯಾವ ಸೇವೆ ಯಾವ ತಿಂಗಳು ಎಷ್ಟು ತಾಸು ನಿಂತಿತ್ತು ಎಂಬುದನ್ನು ಪ್ರತಿ ತಿಂಗಳೂ ಜಿಲ್ಲಾಧಿಕಾರಿ ಕಚೇರಿಯ ಬೋರ್ಡಿಗೆ ಹಚ್ಚಿರಿ. ಮಳೆಯ ಅಳತೆ ಹಾಕುತ್ತೀರಿ, ಇದನ್ನೂ ಹಾಕಿ.

ಓದುಗರಿಗೂ ಒಂದು ಮಾತು. ವಿಮೆಯ ಅರ್ಜಿಯನ್ನು ಜುಲೈ ಎರಡನೆಯ ವಾರದಲ್ಲೇ ಹಾಕಿ, ಬೆಳಿಗ್ಗೆ 11ರಿಂದ ಮಧ್ಯಾಹ್ನ 1ರ ಹೊತ್ತನ್ನು ಬಿಟ್ಟು ಹೋಗಿ. ಚಕ್ರ ತಿರುಗುತ್ತಿದ್ದರೆ ಆ ಹುಡುಗನಿಗೆ ಬಟನ್ನಿನಿಂದ ಕೈ ತೆಗೆದು ಐದು ನಿಮಿಷ ಸುಮ್ಮನಿರಲು ಹೇಳಿ. ಕೆಲಸವಾದ ಮೇಲೆ ಸ್ವೀಕೃತಿ ಸಂಖ್ಯೆ ಬರೆಸಿಕೊಳ್ಳದೆ ಅಂಗಡಿಯಿಂದ ಇಳಿಯಬೇಡಿ.